‘ನಿಷ್ಕ್ರಿಯ ಟ್ಯಾಗ್’ ಸರಿಯೇ?

ಪ್ರಶ್ನೆ: ಬ್ಯಾಟರಿ ಇಲ್ಲದ ಆರ್‌ಎಫ್‌ಐಡಿ (ರೇಡಿಯೊ ಅಲೆಯಿಂದ ಗುರುತಿಸುವ ತಂತ್ರ) ಸಂವೇದಕಗಳ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ‘ಪ್ಯಾಸಿವ್ ಟ್ಯಾಗ್’ಗೆ ‘ನಿಷ್ಕ್ರಿಯ ಟ್ಯಾಗ್’, ಟ್ಯಾಗ್ ಅಲೆಯನ್ನು ಮರಳಿಸಿ ಉತ್ತರಿಸುವ ‘ಬ್ಯಾಕ್‌ಸ್ಕ್ಯಾಟರ್’ಗೆ ‘ಪ್ರತಿಫಲನ’ ಎಂದು ಕರಡಿನಲ್ಲಿದೆ. ಒಪ್ಪುತ್ತೀರಾ?

ಉತ್ತರ: ಮೊದಲನೆಯದನ್ನು ಖಂಡಿತ ಬಿಡಿ. ವರ್ಷಗಟ್ಟಲೆ ವಹಿವಾಟಿಲ್ಲದ ಬ್ಯಾಂಕ್ ಖಾತೆಗೆ ನಾವು ‘ನಿಷ್ಕ್ರಿಯ’ ಎನ್ನುತ್ತೇವೆ. ಫಾಸ್ಟ್ಯಾಗ್ ಕೂಡ ಪ್ಯಾಸಿವ್ ಟ್ಯಾಗೇ. ಅದನ್ನು ನಿಷ್ಕ್ರಿಯ ಎಂದರೆ ಬ್ಲಾಕ್ ಆಗಿದೆ ಎಂದೇ ಜನ ತಿಳಿಯುತ್ತಾರೆ.

ಟ್ಯಾಗಿಗೆ ಸ್ವಂತ ಶಕ್ತಿಯಿಲ್ಲ, ಆದರೆ ಕೆಲಸವಿದೆ. ಟ್ಯಾಗನ್ನು ಓದುವ ಸಾಧನವಾದ ರೀಡರ್ ಹೊರಡಿಸುವ 865–867 ಮೆಗಾಹರ್ಟ್ಸ್ ಅಲೆಯಿಂದಲೇ ಅದು ವಿದ್ಯುತ್ತು ಪಡೆಯುತ್ತದೆ. ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ 4 ವ್ಯಾಟ್ ಇದ್ದು ನಡುವೆ ಅಡ್ಡಿಯಿಲ್ಲದಿದ್ದರೆ, 5 ಮೀಟರ್ ದೂರದಲ್ಲಿ ಸಿಗುವುದು ಸುಮಾರು 0.2 ಮಿಲಿವ್ಯಾಟ್, 10 ಮೀಟರ್‌ಗೆ ಅದರ ಕಾಲುಭಾಗ. ಗುರುತಿನ ಸಂಖ್ಯೆ ಹೇಳಲು 0.01 ಮಿಲಿವ್ಯಾಟ್ ಸಾಕಾದೀತು, ಉಷ್ಣತೆ ಅಳೆಯಲು ಇನ್ನಷ್ಟು ಬೇಕು. ಹಾಗಾಗಿ ಸಂಖ್ಯೆ ಬಂದು ಅಳತೆ ಬಾರದಿರುವುದು ಸಾಮಾನ್ಯ. ಆಗ ರೀಡರನ್ನು ಹತ್ತಿರ ತರಬೇಕು, ಇಲ್ಲವೇ ಅಳತೆ ಕೇಳುವ ಮುನ್ನ ಅಲೆಯನ್ನು ಕೆಲವು ಮಿಲಿಸೆಕೆಂಡ್ ನಿಲ್ಲಿಸದೆ ಕೊಟ್ಟು ಟ್ಯಾಗಿನಲ್ಲಿ ವಿದ್ಯುತ್ತು ಕೂಡಿಡುವ ಕೆಪಾಸಿಟರ್ ತುಂಬಿಸಬೇಕು. ಕೈಪಿಡಿ ಅಲ್ಲಿ ‘ನಿಷ್ಕ್ರಿಯ’ ಎಂದರೆ ಒಳ್ಳೆಯ ಟ್ಯಾಗ್ ಕಸದ ಬುಟ್ಟಿ ಸೇರುತ್ತದೆ.

ಆ ಪದಕ್ಕೆ ಬೇರೊಂದು ಜಾಗ ಇದ್ದೇ ಇದೆ. ಇಂಥ ಟ್ಯಾಗ್ ಮತ್ತು ರೀಡರ್ ನಡುವಿನ ಮಾತುಕತೆಯ ನಿಯಮವಾದ ಜೆನ್-2 ಮಾನಕದಲ್ಲಿ 32 ಬಿಟ್ ಗುಪ್ತಪದ ಕೊಟ್ಟು ಟ್ಯಾಗನ್ನು ಶಾಶ್ವತವಾಗಿ ಮೌನಗೊಳಿಸುವ ‘ಕಿಲ್’ ಆದೇಶವಿದೆ. ಹಾಗೆ ಮೌನವಾದ ಟ್ಯಾಗೇ ನಿಷ್ಕ್ರಿಯ. ಪ್ಯಾಸಿವ್‌ಗೆ ‘ಬ್ಯಾಟರಿರಹಿತ ಟ್ಯಾಗ್’, ಸೆಮಿ-ಪ್ಯಾಸಿವ್‌ಗೆ ‘ಬ್ಯಾಟರಿ ನೆರವಿನ ಟ್ಯಾಗ್’ ಎಂದರೆ ಗೊಂದಲವಿಲ್ಲ.

‘ಪ್ರತಿಫಲನ’ ತೀರಾ ತಪ್ಪಲ್ಲ. 1948ರಲ್ಲಿ ಹ್ಯಾರಿ ಸ್ಟಾಕ್‌ಮನ್ ಈ ತಂತ್ರದ ಬಗ್ಗೆ ಬರೆದ ಮೂಲ ಲೇಖನದ ಶೀರ್ಷಿಕೆಯಲ್ಲೇ ‘ಪ್ರತಿಫಲಿತ ಶಕ್ತಿ’ಯ ಮಾತಿದೆ. ಆದರೆ ಆ ಪದ ಕನ್ನಡಿಯನ್ನು ನೆನಪಿಸುತ್ತದೆ. ಟ್ಯಾಗಿನ ಆಂಟೆನಾ ಅಲೆಯನ್ನು ಹಲವು ದಿಕ್ಕಿಗೆ ಚದುರಿಸುತ್ತದೆ, ರೀಡರಿಗೆ ಮರಳುವುದು ಅದರಲ್ಲೊಂದು ಚೂರು. ಚಿಪ್ ತನ್ನ ಪ್ರತಿರೋಧವನ್ನು ಎರಡು ಸ್ಥಿತಿಗಳ ನಡುವೆ ಬದಲಿಸಿದಂತೆ ಆ ಚೂರು ಏರಿಳಿಯುತ್ತದೆ. ಸಂದೇಶ ಇರುವುದು ಆ ಏರಿಳಿತದಲ್ಲಿ. ಬೆಳಕಿನ ‘ಚದುರಿಕೆ’ ವಿಜ್ಞಾನ ಓದಿದವರಿಗೆ ಗೊತ್ತಿರುವುದರಿಂದ ‘ಹಿಂಚದುರಿಕೆ’ ಒಗ್ಗುತ್ತದೆ.

ಲೋಹದ ಮೇಲೆ ಅಂಟಿಸಿದ ಮಾಮೂಲಿ ಟ್ಯಾಗಿನ ಬಗ್ಗೆಯೂ ‘ನಿಷ್ಕ್ರಿಯವಾಗುತ್ತದೆ’ ಎಂದು ಬರೆಯಬೇಡಿ, ‘ಶ್ರುತಿ ತಪ್ಪುತ್ತದೆ’ ಎನ್ನಿ. ನಡುವೆ ಕೆಲವು ಮಿಲಿಮೀಟರ್ ಫೋಮ್ ಇಟ್ಟರೆ ಅದು ಮತ್ತೆ ಮಾತಾಡಬಲ್ಲದು. ‘ರೀಡರ್’ ಹಾಗೇ ಇರಲಿ. ‘ಓದುಗ’ ಎಂದರೆ ಮನುಷ್ಯ.