ಪದಚರ್ಚೆ: ‘ಕೌಲ್’ಗೆ ಕನ್ನಡದಲ್ಲಿ ಏನೆನ್ನೋಣ? ಶುಕ್ರವಾರದೊಳಗೆ ಬೇಕು

ಹುಬ್ಬಳ್ಳಿ, ವಿದ್ಯಾನಗರದಿಂದ:
ಬಳಗದ ಹಿರಿಯರಿಗೆ ನಮಸ್ಕಾರ. ನಮ್ಮ ಓಣಿಯ ಹೆಣ್ಣುಮಕ್ಕಳು ಸೇರಿ ಕೈಹೆಣಿಗೆಯ ಪ್ರದರ್ಶನ ಇಡುತ್ತಿದ್ದೇವೆ. ಪ್ರತಿ ವಸ್ತುವಿನ ಮುಂದೆ ಕನ್ನಡದ ಚೀಟಿ ಇರಲೇಬೇಕೆಂದು ಹಟ ಹಿಡಿದವಳು ನಾನೇ. ಶುಕ್ರವಾರ ಸಂಜೆ ಚೀಟಿಗಳು ಅಚ್ಚಿಗೆ ಹೋಗುತ್ತವೆ. ಸ್ವೆಟರ್, ಕುಲಾವಿ, ಕಾಲುಚೀಲಗಳದ್ದು ತಕರಾರಿಲ್ಲ. ಒಂದಕ್ಕೆ ಮಾತ್ರ ಹೆಸರು ಸಿಗುತ್ತಿಲ್ಲ. ಉಣ್ಣೆಯದು, ತಲೆಯ ಮೇಲಿಂದ ಇಳಿಸಿ ಕೊರಳಿಗೆ ಹಾಕಿಕೊಳ್ಳುವಂಥದ್ದು, ಮಫ್ಲರಿಗಿರುವಂತೆ ಎರಡು ತುದಿ ಇಲ್ಲ. ಇಂಗ್ಲಿಷಿನವರು ಕೌಲ್ ಎನ್ನುತ್ತಾರೆ. ಇದರ ಪಟ್ಟೆಗಳ ಬಣ್ಣವನ್ನು ಉಣಕಲ್ ಕೆರೆಯ ಉದ್ಯಾನದಿಂದ ಎತ್ತಿಕೊಂಡಿದ್ದಾರೆ: ಕೆಳಗೆ ಎರೆಮಣ್ಣಿನ ಕಪ್ಪು, ಆಮೇಲೆ ಹುಲ್ಲಿನ ಹಸಿರು, ನೀರಿನ ಬೂದು, ಅಂತರಗಂಗೆಯ ಕಡುಹಸಿರು, ಅದರ ನಡುವೆ ಹೂವಿನದೊಂದು ತೆಳು ನೇರಳೆ ಗೆರೆ, ಎಲ್ಲಕ್ಕೂ ಮೇಲೆ ಬಾನಿನ ನೀಲಿ. ಅಂತರಗಂಗೆ ಕೆರೆಗೆ ಪೀಡೆ, ಒಪ್ಪುತ್ತೇನೆ. ಹೆಣೆಯುವವರಿಗೆ ಅದೂ ಬಣ್ಣವೇ. ಚೀಟಿಯಲ್ಲಿ ‘ಉಣಕಲ್ ಕೆರೆ ಪಟ್ಟೆ’ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೇನೆ. ತುಂಬಿಕೊಡಿ.

ಧಾರವಾಡದಿಂದ:
‘ಕೌಲ್’ ಎಂದು ಮಾತ್ರ ಬರೆಯಬೇಡಿ. ಕೌಲು ಎಂದರೆ ಗುತ್ತಿಗೆ ಕರಾರು, ಅರಬ್ಬಿಯಿಂದ ಬಂದ ಕಂದಾಯದ ಮಾತು. ‘ಉಣಕಲ್ ಕೆರೆ ಕೌಲ್’ ಎಂದು ಓದಿದವರು ಕೆರೆಯನ್ನು ಯಾರಿಗೆ ಬರೆದುಕೊಟ್ಟಿರಿ ಎಂದು ಕೇಳುತ್ತಾರೆ. ಗುಲಬಂದ ಎನ್ನಿ, ಮುಗಿಯಿತು.

ಹಾವೇರಿಯಿಂದ:
ಮುಗಿಯಲಿಲ್ಲ. ಅರಬ್ಬಿಯಿಂದ ತಪ್ಪಿಸಿಕೊಂಡು ಪಾರಸಿಯ ಮನೆ ಹೊಕ್ಕಂತಾಯಿತು. ‘ಗುಲೂ’ ಗಂಟಲು, ‘ಬಂದ್’ ಕಟ್ಟು. ಕಟ್ಟಲು ತುದಿಯೇ ಇಲ್ಲದ ವಸ್ತುವಿಗೆ ಆ ಹೆಸರು ಹೇಗೆ ಒಗ್ಗುತ್ತದೆ? ಪಟ್ಟೆಯೂ ಸಂಸ್ಕೃತದ ಸಾಲ. ನಮ್ಮಲ್ಲಿ ಗೀರು ಇದೆ, ಕೊರಳ್ ಇದೆ, ಬಳೆ ಇದೆ. ‘ಗೀರುಗೊರಳ್ವಳೆ’ ಎನ್ನಿ. ಚೀಟಿ ಬರೆದವರೇ ‘ಕುಲಾವಿ’ ಎಂಬ ಅಚ್ಚಗನ್ನಡ ಪದವನ್ನು ಎಷ್ಟು ಸಹಜವಾಗಿ ಬಳಸಿದ್ದಾರೆ ನೋಡಿ. ಆ ದಾರಿಯಲ್ಲೇ ನಡೆಯಬೇಕು.

ಗದಗದಿಂದ:
ಕುಲಾವಿ ಪಾರಸಿಯ ‘ಕುಲಾಹ್’. ವಿಜಯನಗರದ ಅರಸರು ತಲೆಗೆ ಇಟ್ಟುಕೊಳ್ಳುತ್ತಿದ್ದ ಎತ್ತರದ ಕುಲ್ಲಾಯಿ ಅದೇ. ಮೈಮೇಲಿನ ನಿಲುವಂಗಿ ಕಬಾಯಿ ಅರಬ್ಬಿಯದು. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ಆ ಟೋಪಿ ಇಂದಿಗೂ ಕಾಣುತ್ತದೆ. ಸಾಲವೆಂದು ನಾಚಿ ಅವರು ಬರಿತಲೆಯಲ್ಲಿ ಓಲಗ ನಡೆಸಲಿಲ್ಲ. ಇನ್ನು ‘ಗೀರುಗೊರಳ್ವಳೆ’ ಓದಿದರೆ ಬೆಕ್ಕು ಪರಚಿದ ಕೊರಳು ಕಣ್ಣಿಗೆ ಬರುತ್ತದೆ. ಪಟ್ಟೆ ತದ್ಭವ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆಯುವ ಅರಿಸಮಾಸದ ದೋಷವೂ ತಟ್ಟುವುದಿಲ್ಲ, ಅದನ್ನು ಬಿಟ್ಟುಬಿಡಿ.

ನನ್ನ ಸಲಹೆ ಸಿಂಬಿ. ಕೊಡ ಹೊರುವಾಗ ತಲೆಯ ಮೇಲೆ ಇಡುತ್ತಿದ್ದ ಬಟ್ಟೆಯ ಸುತ್ತು. ಮೆತ್ತಗಿದೆ, ದುಂಡಗಿದೆ, ನಡುವೆ ತೆರವಿದೆ. ‘ಕೊರಳಸಿಂಬಿ’ ಎಂದರೆ ನೂಲ್ವಿ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ಈ ಪದ ಸಾಯುತ್ತಿದೆ ಎಂದು ನಾನು ಹಲವು ಸಲ ಇಲ್ಲಿ ಬರೆದಿದ್ದೇನೆ. ಯಾರೂ ಓದುವುದಿಲ್ಲ.

ಹಾವೇರಿಯಿಂದ:
ಓದಿದ್ದೇವೆ. ಏಣಿಗೂ ಸಿಂಬಿ, ಸ್ಟೆಪ್ನಿಗೂ ಸಿಂಬಿ ಎಂದವರು ನೀವು. ಸಿಂಬಿ ತಲೆಯ ಮೇಲಿನದು. ಅದನ್ನು ಕೊರಳಿಗೆ ಇಳಿಸುವುದು ಭಾಷೆಗೆ ಮಾಡುವ ಅಪಚಾರ.

ಧಾರವಾಡ, ಸಪ್ತಾಪುರದಿಂದ:
ನಾನು ಪಂಡಿತಳಲ್ಲ, ಹೆಣೆಯುವವಳು. ವಸ್ತುವನ್ನು ಕೈಯಲ್ಲಿ ಹಿಡಿಯದೆ ಹೆಸರಿಗೆ ಜಗಳವಾಡುತ್ತಿದ್ದೀರಿ. ಇದನ್ನು ತಂತಿಯಿಂದ ಜೋಡಿಸಿದ ದುಂಡು ಸೂಜಿಯ ಮೇಲೆ ನಿಲ್ಲಿಸದೆ ಸುತ್ತುತ್ತ ಹೆಣೆಯುತ್ತೇವೆ. ನೋಡುವವರಿಗೆ ಬಳೆಯ ಮೇಲೆ ಬಳೆ ಪೇರಿಸಿದಂತೆ ಕಾಣುತ್ತದೆ, ಆದರೆ ಅಲ್ಲಿ ಬಳೆಯೇ ಇಲ್ಲ. ಒಂದು ಸುತ್ತು ತಾನು ಹೊರಟ ಕುಣಿಕೆಗೆ ಬಂದು ಸೇರುವುದಿಲ್ಲ, ಅದರ ನೆತ್ತಿಯ ಮೇಲೆ ಹತ್ತಿ ಮುಂದೆ ಹೋಗುತ್ತದೆ. ಇಡೀ ಕೌಲ್ ಒಂದೇ ಸುರುಳಿ. ಒಂದೇ ಬಣ್ಣದ್ದಾದರೆ ಗೊತ್ತಾಗುವುದಿಲ್ಲ. ಪಟ್ಟೆ ಹಾಕಿದ ಕೂಡಲೇ ಗುಟ್ಟು ರಟ್ಟಾಗುತ್ತದೆ. ಬಣ್ಣ ಬದಲಾದ ಕಡೆಯಲ್ಲೆಲ್ಲ ಒಂದು ಸಾಲಿನಷ್ಟು ಮೆಟ್ಟಿಲು ಬೀಳುತ್ತದೆ. ಉಣಕಲ್ಲಿನ ನೀರಿನ ಪಟ್ಟೆ ಹುಲ್ಲಿನ ಪಟ್ಟೆಗಿಂತ ಜಾರಿದಂತೆ ಕಂಡರೆ ಹೆಣೆದವರ ಕೈ ಕೆಟ್ಟಿದೆ ಎಂದು ತಿಳಿಯಬೇಡಿ. ಹೊಸ ಬಣ್ಣದ ಎರಡನೆಯ ಸುತ್ತಿನ ಮೊದಲ ಕುಣಿಕೆ ಬಂದಾಗ, ಅದರ ಕೆಳಗಿರುವ ಹಳೆಯ ಬಣ್ಣದ ಕುಣಿಕೆಯನ್ನೂ ಸೂಜಿಗೆ ಏರಿಸಿ ಎರಡನ್ನೂ ಕೂಡಿಸಿ ಹೆಣೆದರೆ ಮೆಟ್ಟಿಲು ಬಹುಮಟ್ಟಿಗೆ ಅಡಗುತ್ತದೆ. ಪೂರ್ತಿ ಹೋಗುವುದಿಲ್ಲ. ಹಾಗಾಗಿ ಬಳೆ ತಪ್ಪು, ಸಿಂಬಿ ಸರಿ. ಸುತ್ತಿಯೇ ಆದದ್ದು ಸಿಂಬಿ.

ಗದಗದಿಂದ:
ಅಕ್ಕಾ, ನೂರು ವರ್ಷ ಬಾಳಿ. ತಲೆಯಿಂದ ಕೊರಳಿಗೆ ಇಳಿಸುವುದು ಅಪಚಾರವೆಂದವರಿಗೆ ಒಂದು ಮಾತು: ಇಂಗ್ಲಿಷಿನ ಕೌಲ್ ಕೂಡ ಮೂಲದಲ್ಲಿ ಸನ್ಯಾಸಿಗಳ ತಲೆಮುಸುಕು, ಲ್ಯಾಟಿನ್ನಿನ ‘ಕುಕುಲ್ಲುಸ್’. ಅದೂ ಜಾರಿ ಕೊರಳಿಗೆ ಬಂದದ್ದೇ. ಅವರ ಪದ ಜಾರಬಹುದು, ನಮ್ಮದು ಜಾರಬಾರದೇ?

ಧಾರವಾಡದಿಂದ:
ಈ ಅವಳಿ ನಗರದಲ್ಲಿ ಬಸ್ಸಿಗೆ ಚಿಗರಿ, ಅಂದರೆ ಜಿಂಕೆ, ಎಂದು ಹೆಸರಿಟ್ಟಾಗ ಯಾರೂ ಕೊಂಬು ಹುಡುಕಲಿಲ್ಲ. ಹತ್ತಿ ಕುಳಿತರು. ಹಾಗಿದ್ದರೂ ಗುಲಬಂದಕ್ಕೆ ಏನಾಗಿದೆ ಎಂದು ನನಗಿನ್ನೂ ಯಾರೂ ಹೇಳಲಿಲ್ಲ.

ಹಾವೇರಿಯಿಂದ:
ಹೇಳಿದೆ. ತುದಿ ಇಲ್ಲ. ಚಿಗರಿಯ ಮಾತು ನನ್ನ ಪಕ್ಷಕ್ಕೇ ಸಾಕ್ಷಿ, ಅದು ಎರವಲಲ್ಲ. ರುಮಾಲು, ಅಂಗಡಿಯವನ ರಸೀದಿ, ಕಚೇರಿಯ ದಫ್ತರು ಎಲ್ಲವನ್ನೂ ಹೀಗೆಯೇ ‘ಒಗ್ಗಿದೆ, ಇರಲಿ’ ಎಂದು ಒಳಗೆ ಬಿಟ್ಟುಕೊಂಡಿರಿ.

ಧಾರವಾಡದಿಂದ:
ಅವನ್ನು ಹೊರಗೆ ಹಾಕಿ ಒಂದು ದಿನ ಸಂತೆ ಮಾಡಿ ತೋರಿಸಿ.

ಹುಬ್ಬಳ್ಳಿ, ವಿದ್ಯಾನಗರದಿಂದ:
ಎಲ್ಲರಿಗೂ ಋಣಿ. ಚೀಟಿ ಅಚ್ಚಿಗೆ ಹೋಯಿತು: ‘ಉಣಕಲ್ ಕೆರೆ ಕೊರಳಸಿಂಬಿ’. ಪಟ್ಟೆ ಕಣ್ಣಿಗೇ ಕಾಣುತ್ತದೆಂದು ಆ ಪದವನ್ನು ಕೈಬಿಟ್ಟೆ. ಈಗ ಒಬ್ಬರು ನಡುವಿನ ತೂತಿನಲ್ಲಿ ತಲೆ ತೂರಿಸಿ ಹೊದೆಯುವ ಪೋಂಚೋ ತಂದುಕೊಟ್ಟಿದ್ದಾರೆ. ಅದಕ್ಕೆ?

ಹಾವೇರಿಯಿಂದ:
ಪೋಂಚೋ ಎಂದೇ ಬರೆಯಿರಿ.

ಗದಗದಿಂದ:
ತಡೆಯಿರಿ. ಕೊಪ್ಪೆ ಇದೆ. ಮಳೆಗೆ ಕಂಬಳಿಯ ಕೊಪ್ಪೆ ಹಾಕಿಕೊಂಡವರು ಈ ಬಳಗದಲ್ಲಿ ಯಾರಿದ್ದೀರಿ?