ರಾಯರ ಮನೆಯ ಮೊಲ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸುವವರಿಗೆ ನಮ್ಮ ಜಗಲಿಯಲ್ಲಿ ಎಂದೂ ಬರವಿರಲಿಲ್ಲ. ಆದರೆ ನಾಲ್ಕು ಕಾಲಿನ ನಿಜವಾದ ಮೊಲವೊಂದು ನಮ್ಮ ಚರ್ಚೆಗೆ ಸಿಕ್ಕಿದ್ದು, ರಾಯರ ಮೊಮ್ಮಗಳು ಬೇಸಿಗೆ ರಜೆ ಮುಗಿಸಿ ಹೊರಡುವಾಗ ಎರಡು ಕಿಲೋ ತೂಕದ ತನ್ನ ಬಿಳಿಯ ಮೊಲವನ್ನು ತಾತನ ಮಡಿಲಿಗೆ ಹಾಕಿ ಹೋದ ಮೇಲೆಯೇ.

"ಅದಕ್ಕೆ ತಿನ್ನಲು ಏನು ಕೊಡುತ್ತಿದ್ದೀರಿ?" ಎಂದು ಕೇಳಿದೆ.

"ಇನ್ನೇನು, ಕ್ಯಾರೆಟ್. ದಿನಕ್ಕೆ ಕಾಲು ಕಿಲೋ. ಮಕ್ಕಳ ಪುಸ್ತಕದ ಚಿತ್ರಗಳಲ್ಲೆಲ್ಲ ಅದನ್ನೇ ಹಿಡಿದುಕೊಂಡಿರುತ್ತದಲ್ಲ!"

ಪಶುವೈದ್ಯರಾಗಿ ನಿವೃತ್ತರಾದ ಶೆಟ್ಟರು ಕಾಫಿಯ ಲೋಟವನ್ನು ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆಂದರೆ ಉಳಿದವರು ಬಾಯಿ ಮುಚ್ಚಬೇಕೆಂದು ಅರ್ಥ.

"ರಾಯರೇ, ಮೊಲಕ್ಕೆ ಕ್ಯಾರೆಟ್ ಎಂದರೆ ನಿಮಗೆ ಮೈಸೂರುಪಾಕು ಇದ್ದ ಹಾಗೆ, ಅಪರೂಪಕ್ಕೆ ಒಂದು ಚೂರು ಸಾಕು. ಅದರ ಆಹಾರದಲ್ಲಿ ನೂರಕ್ಕೆ 80 ಪಾಲಾದರೂ ಹುಲ್ಲಿರಬೇಕು. ಅಂಗಡಿಯ ಗುಳಿಗೆಯಂಥ ತಿನಿಸು ನಿಮ್ಮ ಮೊಲಕ್ಕೆ ದಿನಕ್ಕೆ 50 ಗ್ರಾಂ ಮೀರಬಾರದು. ಅದರ ಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರಿನಂತೆ ಆಯುಷ್ಯವಿಡೀ ಬೆಳೆಯುತ್ತಲೇ ಇರುತ್ತದೆ. ಹುಲ್ಲನ್ನು ಅಗಿದು ಅಗಿದೇ ಅದು ಸವೆಯಬೇಕು."

"ಎಂಥ ಪುಣ್ಯವಂತ ಪ್ರಾಣಿ!" ಎಂದು ಮೇಷ್ಟ್ರು ತಮ್ಮ ಕಟ್ಟಿಸಿಕೊಂಡ ಹಲ್ಲುಗಳನ್ನು ನಾಲಿಗೆಯಿಂದ ತಡವಿಕೊಂಡರು.

"ಕೊತ್ತಂಬರಿ, ಪುದೀನ, ಕ್ಯಾರೆಟ್ಟಿನ ಸೊಪ್ಪು ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಸೋಕಿಸಲೂ ಬೇಡಿ."

ರಾಯರ ಮುಖ ಅರಳಿತು. "ನೋಡಿದಿರಾ? ಮಡಿಯ ಪ್ರಾಣಿಯೆಂದು ಮೊದಲ ದಿನವೇ ನಮ್ಮವಳಿಗೆ ಹೇಳಿದ್ದೆ."

ಶೆಟ್ಟರು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ, ಹುಲ್ಲಿನ ನಾರು ಮೊಲದ ಕುರುಡುಗರುಳೆಂಬ ದೊಡ್ಡ ಚೀಲದಲ್ಲಿ ಹುದುಗು ಬಂದು, ಸಾರವತ್ತಾದ ಮೆತ್ತನೆಯ ಹಿಕ್ಕೆಯಾಗಿ ಹೊರಬರುವುದೆಂದೂ, ಅದನ್ನು ಮೊಲವು ನೆಲಕ್ಕೆ ಬೀಳಗೊಡದೆ ನೇರವಾಗಿ ಬಾಯಿಹಾಕಿ ನುಂಗುವುದೆಂದೂ, ಹಾಗೆ ಎರಡನೆಯ ಸಲ ಹೊಟ್ಟೆಗೆ ಹೋದಾಗಲೇ ಅದರ ಪ್ರೋಟೀನೂ ವಿಟಮಿನ್ನೂ ಮೈಗೆ ಹತ್ತುವುದೆಂದೂ ಅವರು ಸವಿಸ್ತಾರವಾಗಿ ಬಣ್ಣಿಸಿದರು. ಆ ಮೊಲವನ್ನು ಆ ಬೆಳಿಗ್ಗೆಯಷ್ಟೇ ದೇವರ ಮನೆಯೊಳಗೆ ಬಿಟ್ಟುಕೊಂಡಿದ್ದ ರಾಯರು ಬಾಯಿಗೆ ಒಯ್ದಿದ್ದ ಕೋಡುಬಳೆಯನ್ನು ತಟ್ಟೆಗೆ ಮರಳಿಸಿದರು.

"ತಡೆಯಲು ಹೋಗಬೇಡಿ, ಅದು ಅದಕ್ಕೆ ಬೇಕೇ ಬೇಕು. ಆಹಾರವನ್ನೂ ಒಂದೇ ದಿನದಲ್ಲಿ ಬದಲಿಸದೆ ನಿಧಾನವಾಗಿ ಹುಲ್ಲಿಗೆ ತನ್ನಿ. ಮೊಲವು ಅರ್ಧ ದಿನ ಏನನ್ನೂ ಮುಟ್ಟದಿದ್ದರೆ ಏಕಾದಶಿಯೆಂದು ಸುಮ್ಮನಿರದೆ ವೈದ್ಯರ ಬಳಿಗೆ ಓಡಿ. ಕರುಳು ನಿಂತುಹೋದರೆ ಜೀವಕ್ಕೇ ಅಪಾಯ."

"ಪೇಟೆಯಲ್ಲಿ ಹುಲ್ಲನ್ನು ಎಲ್ಲಿ ಹುಡುಕಲಿ?" ಎಂದು ರಾಯರು ಕ್ಷೀಣಸ್ವರದಲ್ಲಿ ಕೇಳಿದರು.

"ಗರಿಕೆಯೂ ಹುಲ್ಲೇ ಅಲ್ಲವೇ?" ಎಂದರು ಮೇಷ್ಟ್ರು. ಅವರ ಮಾತನ್ನು ಶೆಟ್ಟರು ಒಪ್ಪಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಚೆನ್ನಾಗಿ ತೊಳೆದು, ಒಣಹುಲ್ಲಿನ ಜೊತೆಗೆ ಕೊಡಬೇಕೆಂದಷ್ಟೇ ಸೇರಿಸಿದರು.

ಈಗ ದೇವಸ್ಥಾನದ ಮುಂದಿನ ಹೂವಿನ ಅಜ್ಜಿ ರಾಯರಿಗಾಗಿ ದಿನವೂ ಆರು ಕಟ್ಟು ಗರಿಕೆ ತೆಗೆದಿಡುತ್ತಾಳೆ. "ಸಂಕಷ್ಟಿಗೆ ಮಾತ್ರ ಬರುವವರ ನಡುವೆ ನಿಮ್ಮದು ಎಂಥ ಭಕ್ತಿ ಸ್ವಾಮಿ!" ಎಂದು ಆಕೆ ಕೈಮುಗಿದಾಗಲೆಲ್ಲ ರಾಯರು ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ.