ಅಪ್ಪ 1998ರಲ್ಲೇ ತೀರಿಕೊಂಡಿದ್ದರೆ ಹೆಣ್ಣುಮಕ್ಕಳಿಗೆ ಪಾಲಿಲ್ಲವೇ? ಅನುಭವ ಇದ್ದವರು ಹೇಳಿ

ಕೇಳಿದವರು, ಹಾವೇರಿ:
ನನ್ನ ತವರು ರೋಣ ತಾಲೂಕಿನ ಒಂದು ಹಳ್ಳಿ. ಅಜ್ಜನ ಕಾಲದ ಎಂಟು ಎಕರೆ ಎರಿ ಹೊಲ ಇದೆ. ಇಬ್ಬರು ಅಣ್ಣಂದಿರು, ನಾವಿಬ್ಬರು ಅಕ್ಕ-ತಂಗಿ. ನನ್ನ ಮದುವೆ ಆಗಿದ್ದು 1991ರಲ್ಲಿ. ಅಪ್ಪ 1998ರಲ್ಲಿ ತೀರಿಕೊಂಡರು, ಅವ್ವ 2016ರಲ್ಲಿ. ಈಗ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. "ಹೆಂಗೂ ನಿಮಗ ಪಾಲು ಬರೂದಿಲ್ಲ, ಅಪ್ಪ 2005ಕ್ಕಿಂತ ಮೊದಲ ಹೋಗ್ಯಾನ" ಅನ್ನುತ್ತಾರೆ. ಬರುವುದೇ ಇಲ್ಲ ಅಂದ ಮೇಲೆ ಸಹಿ ಯಾಕೆ ಬೇಕು? ಇದೇ ಮಾತು ತಲೆಯಲ್ಲಿ ಕೊರೆಯುತ್ತಿದೆ.

ಹುಬ್ಬಳ್ಳಿಯಿಂದ ಒಬ್ಬ ಅಕ್ಕ:
ಸಹಿ ಮಾಡಬೇಡಿ. ಉಳಿದದ್ದು ಆಮೇಲೆ. ಕೋರ್ಟಿಗೆ ಹೋಗುವುದು ಬಿಡುವುದು ನಿಮ್ಮಿಷ್ಟ. ಆದರೆ ಆ ಪತ್ರ ಒಮ್ಮೆ ನೋಂದಣಿ ಆಯಿತೆಂದರೆ, ಅದನ್ನು ರದ್ದು ಮಾಡಿಸುವುದೇ ಇನ್ನೊಂದು ದೊಡ್ಡ ಜಗಳ.

ನಿಮ್ಮ ಅಣ್ಣಂದಿರು ಹೇಳುತ್ತಿರುವುದು ಪೂರ್ತಿ ಸುಳ್ಳಲ್ಲ, ಹಳೆಯದು. ನನಗೆ ಕೋರ್ಟಿನಲ್ಲೇ ಇದೇ ಮಾತು ಹೇಳಿ ಕಳಿಸಿದ್ದರು. ನಮ್ಮದು ನವಲಗುಂದ ಕಡೆ ಒಂಬತ್ತು ಎಕರೆ. ಇಬ್ಬರು ತಮ್ಮಂದಿರು, ನಾನೊಬ್ಬಳೇ ಮಗಳು. ಮದುವೆ 1989, ಅಪ್ಪ ಹೋಗಿದ್ದು 1996, ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ದಾವೆ ಹಾಕಿದ್ದು 2013ರಲ್ಲಿ. ಅದು ನಡೆಯುತ್ತಿರುವಾಗಲೇ, 2015ರ ಅಕ್ಟೋಬರಿನಲ್ಲಿ, ಸುಪ್ರೀಂ ಕೋರ್ಟಿನಿಂದ ಪ್ರಕಾಶ್ ವಿರುದ್ಧ ಫೂಲವತಿ ತೀರ್ಪು ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿ ಜಾರಿಗೆ ಬಂದ ದಿನ, ಅಂದರೆ 2005ರ ಸೆಪ್ಟೆಂಬರ್ 9ರಂದು, ಅಪ್ಪ ಮಗಳು ಇಬ್ಬರೂ ಬದುಕಿರಬೇಕು ಅಂತ ಅದರಲ್ಲಿ ಹೇಳಿದರು. ಅದೂ ನಮ್ಮ ಕರ್ನಾಟಕದ್ದೇ ಕೇಸು!

ಹಾಗಾಗಿ 2016ರಲ್ಲಿ ನನಗೆ ಬಂದದ್ದು ಒಂದೇ ಎಕರೆ. ಅಪ್ಪನಿಗೆ ಮೂರು, ತಮ್ಮಂದಿರಿಗೆ ಮೂರು ಮೂರು ಅಂತ ಮೊದಲು ಹಂಚಿದರು. ಆಮೇಲೆ ಅಪ್ಪನ ಮೂರರಲ್ಲಿ ನಮಗೆ ಮೂವರಿಗೂ ಒಂದೊಂದು. ತಮ್ಮಂದಿರಿಗೆ ನಾಲ್ಕು ನಾಲ್ಕು, ನನಗೆ ಒಂದು. ಧಾರವಾಡ ಪೀಠಕ್ಕೆ ಅಪೀಲು ಹೋದೆವು. (2008ರಲ್ಲಿ ಧಾರವಾಡಕ್ಕೆ ಹೈಕೋರ್ಟು ಬರದೇ ಇದ್ದಿದ್ದರೆ ಬೆಂಗಳೂರಿಗೆ ತಿರುಗಿ ತಿರುಗಿ ಆ ಒಂದು ಎಕರೆಯನ್ನೂ ಮಾರಬೇಕಿತ್ತು.) 2018ರಲ್ಲಿ ದಾನಮ್ಮ ಅನ್ನುವವರ ಕೇಸು ಬಂತು. ಅದೂ ನಮ್ಮ ರಾಜ್ಯದ್ದೇ. ಅಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿತು. ನಮ್ಮ ವಕೀಲರೇ ತಲೆ ಕೆರೆದುಕೊಂಡರು. ಎರಡೂ ಇಬ್ಬಿಬ್ಬರು ನ್ಯಾಯಮೂರ್ತಿಗಳ ತೀರ್ಪು, ಒಂದು ಮೂಡಲಕ್ಕೆ ಎಳೆದರೆ ಇನ್ನೊಂದು ಪಡುವಲಕ್ಕೆ. ಕೊನೆಗೆ 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಕೇಸಿನಲ್ಲಿ, ಮೂವರು ನ್ಯಾಯಮೂರ್ತಿಗಳು ಇದನ್ನು ಬಗೆಹರಿಸಿದರು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂದರು. ನನ್ನ ಒಂದು ಎಕರೆ ಮೂರಾಯಿತು. ಈ ಐದು ವರ್ಷದಲ್ಲಿ ಆ ತಿದ್ದುಪಡಿಯ ಒಂದಕ್ಷರವೂ ಬದಲಾಗಿರಲಿಲ್ಲ ನೋಡಿ. ಅದನ್ನು ಓದುವ ರೀತಿ ಬದಲಾಗಿತ್ತು.

ಬಾಕಿ ಇರುವ ಕೇಸುಗಳನ್ನು ಆದಷ್ಟು ಆರು ತಿಂಗಳಲ್ಲಿ ಮುಗಿಸಿ ಅಂತಲೂ ಆ ತೀರ್ಪಿನಲ್ಲಿತ್ತು. ನಮ್ಮದಕ್ಕೆ ಮತ್ತೆ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಬಸ್ಸಿನ ಕಂಡಕ್ಟರು ನನ್ನನ್ನು ನೋಡಿದ ಕೂಡಲೇ "ಹೈಕೋರ್ಟ್ ಏನ್ರಿ?" ಅನ್ನುವಂತಾಗಿತ್ತು.

ಧಾರವಾಡದಿಂದ, ವಕೀಲಿ ಶುರು ಮಾಡಿ ನಾಲ್ಕು ವರ್ಷ ಆದವನು:
ಅಕ್ಕಾರು ಹೇಳಿದ್ದು ಸರಿ. ಆದರೆ ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ನೀವು ನೋಡಬೇಕಾದ ತಾರೀಖು 2004ರ ಡಿಸೆಂಬರ್ 20. ಅದಕ್ಕಿಂತ ಮೊದಲು ನೋಂದಣಿಯಾದ ವಾಟ್ನಿ (ಪಾಲು) ಪತ್ರ ಇದ್ದರೆ, ಅಥವಾ ಕೋರ್ಟಿನ ಡಿಕ್ರಿ ಆಗಿದ್ದರೆ, ಈಗ ಅದನ್ನು ಅಲುಗಾಡಿಸಲು ಬರುವುದಿಲ್ಲ. ಅದಕ್ಕಿಂತ ಮೊದಲು ಮಾರಿದ ಹೊಲಕ್ಕೂ ಇದೇ ಮಾತು.

ನಮ್ಮ ಕಡೆಯ ತೊಡಕು ಅಂದರೆ ವರ್ದಿ ವಾಟ್ನಿ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ತಲಾಠಿಗೆ (ಗ್ರಾಮ ಲೆಕ್ಕಿಗರಿಗೆ) ವರ್ದಿ ಕೊಟ್ಟು, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬೇರೆ ಬೇರೆ ಮಾಡಿಸಿಕೊಂಡಿರುತ್ತಾರೆ. ಇದು ನೋಂದಣಿ ಅಲ್ಲ. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ. ಬರೀ ಬಾಯಿಮಾತಿನ ವಾಟ್ನಿಯನ್ನು 2020ರ ತೀರ್ಪು ಒಪ್ಪುವುದೂ ಇಲ್ಲ. ಆದರೆ ಸರಕಾರಿ ದಾಖಲೆಗಳ ಗಟ್ಟಿ ಆಧಾರ ಇದ್ದರೆ ಅಪರೂಪಕ್ಕೆ ಒಪ್ಪಬಹುದು ಅಂತ ಒಂದು ಸಣ್ಣ ಬಾಗಿಲು ತೆರೆದಿಟ್ಟಿದೆ. ಎದುರಿನ ವಕೀಲರು ನುಗ್ಗುವುದು ಅಲ್ಲಿಂದಲೇ. ಅದಕ್ಕೆ 1998ರಿಂದ ಈಚೆಗಿನ ವರ್ದಿ, ಉತಾರ, ಇ.ಸಿ. (ಋಣಭಾರ ಪತ್ರ) ಎಲ್ಲ ಮೊದಲು ತೆಗೆಸಿ. ಹೊಲ ರೋಣದಲ್ಲಿದೆ, ಹಾಗಾಗಿ ದಾವೆ ಹಾಕಬೇಕಾದ್ದೂ ಆ ಕಡೆಯೇ, ಹಾವೇರಿಯಲ್ಲಿ ನಡೆಯುವುದಿಲ್ಲ.

ಇನ್ನೊಂದು. "1994ಕ್ಕಿಂತ ಮೊದಲು ಮದುವೆಯಾದವರಿಗೆ ಇಲ್ಲ" ಅಂತ ಯಾರಾದರೂ ಹೇಳಿದರೆ ಹೆದರಬೇಡಿ. ಅದು ನಮ್ಮ ರಾಜ್ಯ 1994ರ ಜುಲೈಯಲ್ಲಿ ಜಾರಿಗೆ ತಂದಿದ್ದ ತಿದ್ದುಪಡಿಯ ಷರತ್ತು. 2005ರದ್ದು ಕೇಂದ್ರದ ಕಾಯ್ದೆ. ಅದರಲ್ಲಿ ಮದುವೆಯ ಮಾತೇ ಇಲ್ಲ.

ಧಾರವಾಡ, ನಿವೃತ್ತ ಮಾಸ್ತರು:
ಹಳೇ ಮೈಸೂರಿನವರು 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಒಂದು ಕಾಯ್ದೆ ಮಾಡಿದ್ದರು. ನಾವು ಆಗ ಮುಂಬಯಿ ಪ್ರಾಂತ್ಯ. ನಮಗೆ ಅದು ತಾಗಲಿಲ್ಲ. ಸುಮ್ನೆ ನೆನಪಾಯಿತು, ಹೇಳಿದೆ.

ಗದಗಿನಿಂದ, ಒಬ್ಬ ಅಣ್ಣ:
ನಾನು ಎದುರಿನ ಪಾರ್ಟಿ ಅಂತ ಇಟ್ಟುಕೊಳ್ಳಿ. ತಂಗಿ 2021ರಲ್ಲಿ ಪಾಲು ಕೇಳಿದಳು. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅವಳ ಮದುವೆಯ ಸಾಲ ತೀರಿಸಿದ್ದು ನಾನು, ಬೋರು ಹಾಕಿಸಿದ್ದು ನಾನು, ಅವ್ವನ ಆಸ್ಪತ್ರೆಗೆ ಓಡಾಡಿದ್ದೂ ನಾನು. ಊರಿನ ಹಿರಿಯರು ಅವಳನ್ನೇ ಕೂರಿಸಿಕೊಂಡು "ಅರಿಶಿಣ ಕುಂಕುಮಕ್ಕ ಬಿಟ್ಟು ಕೊಡವ್ವಾ" ಅಂದರು. ಅವಳು ಕೇಳಲಿಲ್ಲ, ದಾವೆ ಹಾಕಿದಳು. ನಮ್ಮ ವಕೀಲರು ಆ 2020ರ ತೀರ್ಪು ತೋರಿಸಿ, ಹೊಡೆದಾಡಿದರೆ ಬರೀ ಖರ್ಚು ಅಂದರು. ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಅವಳ ಪಾಲು ಎರಡೂವರೆ ಎಕರೆ ಆಗುತ್ತಿತ್ತು. ಒಂದೂವರೆ ಎಕರೆ ತಗೊಂಡಳು, ಉಳಿದದ್ದಕ್ಕೆ ದುಡ್ಡು ಕೊಟ್ಟೆ. ಬೋರಿನ ಖರ್ಚು ಅದರಲ್ಲಿ ಹಿಡಿದುಕೊಂಡೆವು. ಅಲ್ಲಿ ಆದ ರಾಜಿ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ, ಕೋರ್ಟ್ ಫೀ ವಾಪಸ್ಸು ಬಂತು.

ಮೊದಲ ವರ್ಷ ಪಂಚಮಿಗೆ ಕರೆಯಲೂ ಇಲ್ಲ, ಅವಳು ಬರಲೂ ಇಲ್ಲ. ಈಗ ಬರುತ್ತಾಳೆ. ಅವಳ ಹೊಲವನ್ನು ನಾನೇ ಲಾವಣಿಗೆ (ಗೇಣಿಗೆ) ಮಾಡುತ್ತಿದ್ದೇನೆ.

ಹಾವೇರಿಯಿಂದ ಇನ್ನೊಬ್ಬರು:
ವಕೀಲರ ಫೀಜಿಗೆ ದುಡ್ಡಿಲ್ಲ ಅಂತ ಬಿಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಹೆಂಗಸರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ಆದಾಯ ಎಷ್ಟಿದ್ದರೂ. ನನಗೆ ಸಿಕ್ಕವರು ಸ್ವಲ್ಪ ನಿಧಾನ, ಆದರೆ ಕೆಲಸ ಮಾಡಿದರು.

ಕೇಳಿದವರು, ಹಾವೇರಿ:
ಎಲ್ಲರಿಗೂ ಶರಣು. ನಿನ್ನೆ ರೋಣಕ್ಕೆ ಹೋಗಿ ಹಳೆಯ ಕಾಗದ ತೆಗೆಸಿದೆ. 1999ರ ವರ್ದಿ ಸಿಕ್ಕಿತು, ವಾರಸಾ ಹಚ್ಚಿದ್ದು, ಅಂದರೆ ಅಪ್ಪನ ನಂತರ ವಾರಸುದಾರರ ಹೆಸರು ಏರಿಸಿದ್ದು. ನೋಂದಣಿ ಆದ ವಾಟ್ನಿ ಯಾವುದೂ ಇಲ್ಲ. ವರ್ದಿಯಲ್ಲಿ ಅವ್ವನ ಹೆಬ್ಬೆಟ್ಟಿದೆ, ಅಣ್ಣಂದಿರ ಸಹಿ ಇದೆ. ನಮ್ಮಿಬ್ಬರ ಹೆಸರೇ ಇಲ್ಲ. ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೋಮವಾರ ನಾನೂ ಬರ್ತೀನಿ" ಅಂದಳು.